ಸರ್ವೆಂಟ್ ಲೀಡರ್ ಅಂದರೆ ಟೀಮಿನ ಕೆಲಸವನ್ನೆಲ್ಲ ನಾನೇ ಮಾಡುವುದಾ?

ಹೊಸ ಲೀಡ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಟೀಮ್ ಲೀಡ್ ಆಗಿ ಎಂಟು ತಿಂಗಳಾಯಿತು. ಏಳು ಜನರ ಟೀಮ್. ನಾಲ್ವರು ಡೆವಲಪರ್‌ಗಳು, ಇಬ್ಬರು ಟೆಸ್ಟರ್‌ಗಳು, ಒಬ್ಬರು ಡಿಸೈನರ್. ಲೀಡ್ ಆದ ಹೊಸದರಲ್ಲಿ ಎರಡು ದಿನದ ಟ್ರೇನಿಂಗ್ ಕೊಟ್ಟರು. ಅಲ್ಲೇ ಸರ್ವೆಂಟ್ ಲೀಡರ್‌ಶಿಪ್ ಅನ್ನುವ ಮಾತು ಮೊದಲು ಕೇಳಿದ್ದು. ಲೀಡರ್ ಆದವನು ಮೊದಲು ಸೇವೆ ಮಾಡಬೇಕು, ಮುಂದೆ ನಿಲ್ಲುವುದು ಆಮೇಲೆ ಅಂತ. ಅದು ನನಗೆ ತುಂಬ ಹಿಡಿಸಿತು. ಹಿಂದೆ ನನಗಿದ್ದ ಒಬ್ಬ ಲೀಡ್ ಎಲ್ಲರೆದುರು ಕೂಗಾಡುತ್ತಿದ್ದರು. ನಾನು ಹಾಗಾಗಬಾರದು ಅಂತ ಆಗಲೇ ಗಟ್ಟಿಮಾಡಿಕೊಂಡಿದ್ದೆ.

ಅದಕ್ಕೇ ಟೀಮಿನ ಮೇಲೆ ಹೊರೆ ಬೀಳದ ಹಾಗೆ ನೋಡಿಕೊಂಡೆ. ಬಿಲ್ಡ್ (ಎಲ್ಲರ ಕೋಡ್ ಸೇರಿಸಿ ತಯಾರಾಗುವ ಸಾಫ್ಟ್‌ವೇರ್) ಕೆಟ್ಟರೆ ರಾತ್ರಿ ಕೂತು ನಾನೇ ಸರಿಮಾಡುತ್ತೇನೆ. ರಿಲೀಸ್ ನೋಟ್ಸ್ ನಾನೇ ಬರೆಯುತ್ತೇನೆ. ಯಾರದ್ದಾದರೂ ಟಾಸ್ಕ್ ತಡವಾದರೆ ಸದ್ದಿಲ್ಲದೆ ನನ್ನ ಹೆಸರಿಗೆ ಹಾಕಿಕೊಂಡು ಮುಗಿಸುತ್ತೇನೆ. ಕ್ಲೈಂಟ್ ಮೀಟಿಂಗಿಗೆ ನಾನೊಬ್ಬನೇ ಹೋಗುತ್ತೇನೆ, ಉಳಿದವರ ಹೊತ್ತು ಹಾಳಾಗುವುದು ಬೇಡ ಅಂತ. ಯಾರು ಏನು ಕೇಳಿದರೂ ಆಗಲಿ ಅಂದುಬಿಡುತ್ತೇನೆ.

ಈಗ ಪರಿಸ್ಥಿತಿ ಹೇಗಿದೆ ಅಂದರೆ, ಸ್ಟ್ಯಾಂಡ್‌ಅಪ್‌ನಲ್ಲಿ (ದಿನಾ ನಿಂತು ಮಾಡುವ ಚಿಕ್ಕ ಮೀಟಿಂಗ್) ಎಲ್ಲರೂ ನನ್ನ ಮುಖ ನೋಡಿಕೊಂಡು ಮಾತಾಡುತ್ತಾರೆ. ಒಬ್ಬರು ಇನ್ನೊಬ್ಬರನ್ನು ಏನೂ ಕೇಳುವುದಿಲ್ಲ. ರೆಟ್ರೋ ಅಂದರೆ ಏನು ಸರಿಹೋಯಿತು, ಏನು ಹೋಗಲಿಲ್ಲ ಅಂತ ಚೀಟಿ ಬರೆದು ಚರ್ಚಿಸುವ ಮೀಟಿಂಗ್. ಹಿಂದಿನ ರೆಟ್ರೋದಲ್ಲಿ ಏಳು ಜನರಿಂದ ಬಂದದ್ದು ಮೂರೇ ಚೀಟಿ. ಒಂದರಲ್ಲಿ 'ಎಲ್ಲ ಸರಿ ಇದೆ' ಅಂತ ಅಷ್ಟೇ ಇತ್ತು. ಇಬ್ಬರು ಬೇರೆ ಟೀಮಿಗೆ ಹೋಗಬಹುದಾ ಅಂತ ಮ್ಯಾನೇಜರ್ ಹತ್ತಿರ ವಿಚಾರಿಸಿದ್ದಾರೆ.

ಕಳೆದ ಬುಧವಾರದ ಒಂದು ಸಂಗತಿ ತಲೆಯಿಂದ ಹೋಗುತ್ತಿಲ್ಲ. ಜೂನಿಯರ್ ಡೆವಲಪರ್ ಒಬ್ಬರು ಎರಡು ದಿನದಿಂದ ಒಂದು ಬಗ್ ಹಿಂದೆ ಬಿದ್ದಿದ್ದರು. ರಿಪೋರ್ಟ್ ಸ್ಕ್ರೀನಿನಲ್ಲಿ ತಿಂಗಳ ಕೊನೇ ದಿನದ ಲೆಕ್ಕ ಬಿಟ್ಟುಹೋಗುತ್ತಿತ್ತು. ಗುರುವಾರ ರಿಲೀಸ್. ರಾತ್ರಿ ಒಂಬತ್ತೂವರೆಗೆ ನಾನೇ ಕೋಡ್ ತೆಗೆದು ನೋಡಿದೆ. ಟೈಮ್‌ಝೋನ್ ತೊಂದರೆ. ಅರ್ಧ ಗಂಟೆಯಲ್ಲಿ ಮುಗಿಸಿ ಮಲಗಿದೆ. ಬೆಳಗ್ಗೆ ಆಕೆ ಬಂದು, ಸ್ಕ್ರೀನ್ ನೋಡಿ, 'ಓ, ಆಗಿದೆಯಾ' ಅಂದರು. ಥ್ಯಾಂಕ್ಸ್ ಕೂಡ ಹೇಳಿದರು. ಆದರೆ ಆ ದಿನ ಪೂರ್ತಿ ಆಕೆ ಇನ್ನೊಂದು ಮಾತಾಡಲಿಲ್ಲ.

ನಾನು ದಿನಾ ರಾತ್ರಿ ಹತ್ತು ಗಂಟೆವರೆಗೆ ಕೆಲಸ ಮಾಡುತ್ತಿದ್ದೇನೆ. ಟೀಮ್ ಮಾತ್ರ ದಿನದಿಂದ ದಿನಕ್ಕೆ ಮಂಕಾಗುತ್ತಿದೆ. ಎಲ್ಲಿ ತಪ್ಪುತ್ತಿದ್ದೇನೆ?

ಡೆಲಿವರಿ ಮುಖ್ಯ:

ನೇರವಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಸೇವೆ, ತ್ಯಾಗ ಇವೆಲ್ಲ ಕೇಳೋದಕ್ಕೆ ಚೆನ್ನ. ಪ್ರಾಜೆಕ್ಟಿಗೆ ಡೆಡ್‌ಲೈನ್ ಇರುತ್ತದೆ. ಯಾರು, ಏನು, ಯಾವಾಗ ಅಂತ ಸ್ಪಷ್ಟವಾಗಿ ಹೇಳುವ ಒಬ್ಬರು ಬೇಕು. ನಿಮ್ಮ ಟೀಮ್ ಮಂಕಾಗಿರುವುದಕ್ಕೆ ಕಾರಣ ಅವರಿಗೆ ದಿಕ್ಕು ಸಿಗದಿರುವುದು. ಎಲ್ಲದಕ್ಕೂ ಆಗಲಿ ಅನ್ನುವ ಲೀಡ್ ಹತ್ತಿರ ಜನ ಜಾಸ್ತಿ ದಿನ ನಿಲ್ಲುವುದಿಲ್ಲ. ನಾಳೆಯಿಂದ ಪ್ರತಿ ಟಾಸ್ಕಿಗೂ ಒಂದು ಹೆಸರು, ಒಂದು ತಾರೀಖು ಹಾಕಿ. ಆ ಹೆಸರು ನಿಮ್ಮದಾಗಿರಬಾರದು. ಮೊದಲು ಇಷ್ಟು ಮಾಡಿ ನೋಡಿ.

ಹಳೇ ಪಿಎಂ:

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಆ ಬುಧವಾರದ ಭಾಗವನ್ನು ಇನ್ನೂ ಒಂದು ಸಲ ಓದಿದೆ. ನಾನೂ ಅದನ್ನೇ ಮಾಡಿದವಳು.

ಹದಿನೈದು ವರ್ಷದಿಂದ ಪ್ರಾಜೆಕ್ಟ್ ಮ್ಯಾನೇಜರ್ ಆಗಿದ್ದೇನೆ. ಮೂರನೇ ವರ್ಷದಲ್ಲಿ ಹನ್ನೊಂದು ಜನರ ಟೀಮ್ ಸಿಕ್ಕಿತು. ಹಳೇ ಸಿಸ್ಟಮ್‌ನಿಂದ ಹೊಸದಕ್ಕೆ ಡೇಟಾ ಸಾಗಿಸುವ ಕೆಲಸ. ನಾನೂ ನಿಮ್ಮ ಹಾಗೆಯೇ ಎಲ್ಲರ ಹೊರೆ ಹೊತ್ತುಕೊಂಡೆ. ಒಂದು ವಾರ ಜ್ವರ ಬಂದು ನಾಲ್ಕು ದಿನ ಏಳಲಾಗಲಿಲ್ಲ. ವಾಪಸ್ ಬಂದು ನೋಡಿದರೆ ಸೋಮವಾರ ಓಡಿಸಬೇಕಿದ್ದ ಸ್ಕ್ರಿಪ್ಟ್ ಗುರುವಾರವೂ ಹಾಗೇ ಇತ್ತು. ಅದನ್ನು ಓಡಿಸುವುದು ಹೇಗೆ ಅಂತ ಕನಿಷ್ಠ ಐದು ಜನಕ್ಕೆ ಗೊತ್ತಿತ್ತು. ಯಾಕೆ ಓಡಿಸಲಿಲ್ಲ ಅಂತ ಕೇಳಿದೆ. 'ನೀವು ಬಂದ ಮೇಲೆ ನೋಡೋಣ ಅಂದುಕೊಂಡೆವು' ಅಂದರು. ಅವರು ಸೋಮಾರಿಗಳಲ್ಲ. ನನ್ನನ್ನು ಕಾಯಬೇಕು ಅಂತ ಎಂಟು ತಿಂಗಳು ಕೂತು ಅವರಿಗೆ ಕಲಿಸಿದವಳು ನಾನೇ.

ಆಮೇಲೆ ಸರ್ವೆಂಟ್ ಲೀಡರ್‌ಶಿಪ್ ಅನ್ನುವ ಮಾತಿನ ಮೂಲ ಹುಡುಕಿ ಓದಿದೆ. ಇದನ್ನು ಮ್ಯಾನೇಜ್‌ಮೆಂಟಿಗೆ ತಂದವರು ರಾಬರ್ಟ್ ಗ್ರೀನ್‌ಲೀಫ್. ಅಮೆರಿಕದ ಎಟಿ ಅಂಡ್ ಟಿ ಟೆಲಿಫೋನ್ ಕಂಪನಿಯಲ್ಲಿ ದಶಕಗಟ್ಟಲೆ ಕೆಲಸ ಮಾಡಿ, 1964ರಲ್ಲಿ ನಿವೃತ್ತರಾದವರು. 1970ರಲ್ಲಿ ಇದರ ಬಗ್ಗೆ ಒಂದು ಪ್ರಬಂಧ ಬರೆದರು. ಟ್ರೇನಿಂಗ್‌ಗಳಲ್ಲಿ ಅದರ ಅರ್ಧ ಮಾತ್ರ ಹೇಳುತ್ತಾರೆ, 'ಮೊದಲು ಸೇವೆ' ಅನ್ನುವ ಅರ್ಧ. ಅದರ ಪಕ್ಕದಲ್ಲೇ ಅವರು ಒಂದು ಪರೀಕ್ಷೆಯನ್ನೂ ಇಟ್ಟಿದ್ದಾರೆ. ನಿಮ್ಮಿಂದ ಸೇವೆ ಪಡೆದವರು ಬೆಳೆಯುತ್ತಿದ್ದಾರಾ? ಮೊದಲಿಗಿಂತ ತಿಳಿವಳಿಕೆ ಬಂದು, ತಮ್ಮ ಕಾಲ ಮೇಲೆ ತಾವು ನಿಲ್ಲುತ್ತಿದ್ದಾರಾ? ನಾಳೆ ಅವರೂ ಇನ್ನೊಬ್ಬರಿಗೆ ಹೀಗೇ ಆಸರೆಯಾಗುತ್ತಾರಾ?

ಬುಧವಾರದ ರಾತ್ರಿಗೆ ಈ ಪರೀಕ್ಷೆ ಹಚ್ಚಿ ನೋಡಿ. ಬಗ್ ಹೋಯಿತು. ಆದರೆ ಎರಡು ದಿನ ಅದರ ಬೆನ್ನು ಹತ್ತಿದ್ದವರ ಕೈಯಿಂದ ಆ ಗೆಲುವೂ ಹೋಯಿತು ಅಲ್ವಾ? ತೆರೇಸಾ ಅಮಬೈಲ್ ಮತ್ತು ಸ್ಟೀವನ್ ಕ್ರೇಮರ್ ಅಂತ ಇಬ್ಬರು ಸಂಶೋಧಕರು 238 ಜನರಿಂದ ಕೆಲಸದ ದಿನಚರಿ ಬರೆಸಿದರು. ಸುಮಾರು 12,000 ದಿನಗಳ ಬರಹ ಸೇರಿತು. ಜನ ತುಂಬ ಹುರುಪಿನಿಂದ ಇದ್ದ ದಿನ ಯಾವುದು ಅಂತ ಹುಡುಕಿದರೆ, ತಮಗೆ ಬೆಲೆ ಇದೆ ಅನ್ನಿಸುವ ಕೆಲಸ ಸ್ವಲ್ಪವಾದರೂ ಮುಂದೆ ಸಾಗಿದ ದಿನ. ಬಹುಮಾನ, ಶಹಬ್ಬಾಸ್‌ಗಿರಿ ಎಲ್ಲ ಅದರ ಹಿಂದೆ. ಆ 'ಓ, ಆಗಿದೆಯಾ'ದಲ್ಲಿ ನನಗೆ ಕೇಳಿಸಿದ್ದು ಇದೇ. ಆಕೆಯ ಕೆಲಸ ಮುಂದೆ ಹೋಗಿತ್ತು, ಆಕೆ ಅಲ್ಲೇ ಉಳಿದಿದ್ದರು.

ಹಾಗಾದರೆ ಸುಮ್ನೆ ಕೈ ಕಟ್ಟಿ ಕೂರಬೇಕಾ? ಖಂಡಿತ ಇಲ್ಲ. ನಾನು ಒಂದು ನೋಟ್‌ಬುಕ್ ಇಟ್ಟುಕೊಂಡೆ. ಪುಟದ ನಡುವೆ ಒಂದು ಗೆರೆ. ಎಡಕ್ಕೆ ಟೀಮಿನ ಕೈಗೆ ಎಟುಕುವ ತೊಂದರೆಗಳು, ಬಲಕ್ಕೆ ಎಟುಕದವು. ಕೋಡ್, ಬಗ್, ಅಂದಾಜು, ಯಾರು ಯಾವುದು ಮಾಡಬೇಕು, ಇವೆಲ್ಲ ಎಡಕ್ಕೆ. ಅಲ್ಲಿ ನಾನು ಕೈ ಹಾಕುವುದಿಲ್ಲ. ಬಲಕ್ಕೆ ಬರುವುದು ಬೇರೆ ಜಾತಿಯವು. ಪರ್ಮಿಷನ್ ಸಿಗುತ್ತಿಲ್ಲ, ಇನ್ನೊಂದು ವಿಭಾಗ ಉತ್ತರ ಕೊಡುತ್ತಿಲ್ಲ, ಸ್ಪ್ರಿಂಟ್ (ಕೆಲಸವನ್ನು ಮೊದಲೇ ಗೊತ್ತುಮಾಡಿಕೊಂಡ ಕೆಲವು ವಾರದ ಅವಧಿ) ನಡುವೆ ಯಾರೋ ಹೊಸ ಕೆಲಸ ತುರುಕುತ್ತಿದ್ದಾರೆ. ಇವು ನನ್ನವು.

ಆ ನೋಟ್‌ಬುಕ್‌ನ ಮೊದಲ ಸಾಲು ಇನ್ನೂ ನೆನಪಿದೆ. 'ಟೆಸ್ಟ್ ಡೇಟಾಬೇಸ್ ಪರ್ಮಿಷನ್, 9 ದಿನ.' ನಮ್ಮ ಟೆಸ್ಟರ್ ಟಿಕೆಟ್ (ಕೋರಿಕೆ) ಹಾಕಿ ಒಂಬತ್ತು ದಿನ ಆಗಿತ್ತು. ಮೂರು ವಿಭಾಗ ಸುತ್ತಿ ಬಂದಿತ್ತು ಅದು. ಅಷ್ಟೂ ದಿನ ಅವರು ಹಳೇ ಡೇಟಾ ನಕಲು ಇಟ್ಟುಕೊಂಡು ಟೆಸ್ಟ್ ಮಾಡುತ್ತಿದ್ದರು. ಸ್ಟ್ಯಾಂಡ್‌ಅಪ್‌ನಲ್ಲಿ ದಿನಾ 'ಟಿಕೆಟ್ ಪೆಂಡಿಂಗ್' ಅನ್ನುತ್ತಿದ್ದರು, ನಾನು ದಿನಾ ತಲೆ ಆಡಿಸುತ್ತಿದ್ದೆ. ಆ ದಿನ ಎದ್ದು ಆ ವಿಭಾಗಕ್ಕೇ ನಡೆದು ಹೋದೆ. ಫಾರ್ಮಿನಲ್ಲಿ ಒಂದು ಸಹಿ ಬಾಕಿ ಇತ್ತು. ಯಾರ ಸಹಿ ಅಂತ ಟಿಕೆಟಿನಲ್ಲಿ ಯಾರೂ ಬರೆದಿರಲಿಲ್ಲ. ನಲವತ್ತು ನಿಮಿಷದಲ್ಲಿ ಮುಗಿಯಿತು. ಒಂಬತ್ತು ದಿನ ನಾನು ರಾತ್ರಿ ಕೂತು ಬೇರೆಯವರ ಬಗ್ ತಿದ್ದುತ್ತಿದ್ದೆ, ನಾನೊಬ್ಬಳೇ ಮಾಡಬಹುದಾಗಿದ್ದ ಈ ನಲವತ್ತು ನಿಮಿಷದ ಕೆಲಸ ಬಿಟ್ಟು. ಇದನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ.

ಟೊಯೊಟಾ ಕಾರ್ಖಾನೆಯಲ್ಲಿ ಆಂಡಾನ್ ಅನ್ನುವ ಎಚ್ಚರಿಕೆ ವ್ಯವಸ್ಥೆಗೆ ಒಂದು ಹಗ್ಗ ಇರುತ್ತದೆ, ಈಗ ಕೆಲವು ಕಡೆ ಬಟನ್. ಕೆಲಸಗಾರನಿಗೆ ಏನಾದರೂ ಸರಿ ಕಾಣದಿದ್ದರೆ ಎಳೆಯುತ್ತಾನೆ. ಟೀಮ್ ಲೀಡರ್ ಅವನಿದ್ದ ಜಾಗಕ್ಕೆ ಓಡಿ ಬರುತ್ತಾರೆ. ಬೇಗ ಸರಿಹೋಗದಿದ್ದರೆ ಲೈನೇ ನಿಲ್ಲುತ್ತದೆ. ಹಗ್ಗ ಎಳೆಯುವುದು ಕೆಲಸಗಾರ ಅನ್ನುವುದನ್ನು ಗಮನಿಸಿ. ಯಾರೂ ಎಳೆಯದೆ ಲೀಡರ್ ಬಂದು ಅವನ ಕೈಯಿಂದ ಸ್ಪ್ಯಾನರ್ ಕಿತ್ತುಕೊಳ್ಳುವುದಿಲ್ಲ.

ಇನ್ನೊಂದು, ಇದು ಕಷ್ಟದ್ದು. ತಡವಾದ ಟಾಸ್ಕನ್ನು ಸದ್ದಿಲ್ಲದೆ ಎತ್ತಿಕೊಳ್ಳುವುದು ಕರುಣೆ ಅನ್ನಿಸುತ್ತದೆ. ನಮ್ಮಲ್ಲೊಬ್ಬ ಡೆವಲಪರ್ ಇದ್ದ. ಹೇಳಿದ್ದಕ್ಕಿಂತ ಎರಡು ಪಟ್ಟು ದಿನ ತೆಗೆದುಕೊಳ್ಳುತ್ತಿದ್ದ. ಮೂರು ಸ್ಪ್ರಿಂಟ್ ನಾನು ಮುಚ್ಚಿಹಾಕಿದೆ. ಆಮೇಲೆ ಒಂದು ದಿನ ಕೂರಿಸಿಕೊಂಡು ಕೇಳಿದೆ, 'ಎಲ್ಲಿ ಸಿಕ್ಕಿಕೊಳ್ಳುತ್ತಿದೆ, ನನಗೆ ತೋರಿಸು.' ಮೊದಲು ಏನೂ ಇಲ್ಲ ಅಂದ. ನಾನು ಸುಮ್ಮನೆ ಕೂತಿದ್ದೆ. ಆಮೇಲೆ ಮೆಲ್ಲಗೆ ಹೇಳಿದ, ಮೆಸೇಜ್ ಕ್ಯೂ ಕೆಲಸ ಮಾಡುವ ಬಗೆಯೇ ತನಗೆ ಅರ್ಥವಾಗಿಲ್ಲ ಅಂತ. ಎಲ್ಲರಿಗೂ ಗೊತ್ತಿದೆ, ಈಗ ಕೇಳಿದರೆ ಏನಂದುಕೊಳ್ಳುತ್ತಾರೋ ಅಂತ ಬಾಯಿ ಬಿಟ್ಟಿರಲಿಲ್ಲ. ಸೀನಿಯರ್ ಒಬ್ಬರ ಜೊತೆ ಎರಡು ಮಧ್ಯಾಹ್ನ ಕೂತ, ಮುಗಿಯಿತು. ಆರು ವಾರ ಆ ಹುಡುಗ ಭಯದಲ್ಲಿ ಕೆಲಸ ಮಾಡಿದ್ದ, ನಾನು ಅದನ್ನು ಕೇಳದೆ ಅವನಿಗೆ ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ.

ಸ್ಕ್ರಮ್ ಅನ್ನುವ ಟೀಮ್ ಕೆಲಸದ ಪದ್ಧತಿಯ ಕೈಪಿಡಿ, ಸ್ಕ್ರಮ್ ಗೈಡ್, ನೋಡಿದ್ದೀರಾ? 2017ರ ಆವೃತ್ತಿಯಲ್ಲಿ, ಆ ಪದ್ಧತಿ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವ ಸ್ಕ್ರಮ್ ಮಾಸ್ಟರ್‌ನನ್ನು ಸರ್ವೆಂಟ್ ಲೀಡರ್ ಅಂತಲೇ ಕರೆದಿದ್ದರು. 2020ರಲ್ಲಿ ಆ ಪದ ತೆಗೆದು, ಟೀಮಿಗೂ ಇಡೀ ಸಂಸ್ಥೆಗೂ ಸೇವೆ ಮಾಡುವ ನಿಜವಾದ ನಾಯಕರು ಅನ್ನುವ ಅರ್ಥದಲ್ಲಿ ಬರೆದರು. ನನಗೆ ಆ ಬದಲಾವಣೆ ಒಪ್ಪಿಗೆ. ಸರ್ವೆಂಟ್ ಅನ್ನುವ ಪದ ಹಿಡಿದುಕೊಂಡು ನಾಯಕತ್ವವನ್ನೇ ಕೈಬಿಟ್ಟವರು ನಮ್ಮಂಥವರು ಬೇಕಾದಷ್ಟು ಜನ.

ಟೆಸ್ಟರ್ ಕಡೆಯಿಂದ:

ನಾನು ಲೀಡ್ ಅಲ್ಲ, ಟೀಮಿನಲ್ಲಿ ಇರುವವಳು. ಆ ಕಡೆಯಿಂದ ಒಂದು ಮಾತು.

ಒಂದು ರಿಲೀಸ್‌ನಲ್ಲಿ ನಾನು ಒಂದು ಕೇಸ್ ಬಿಟ್ಟಿದ್ದೆ. ಅಪೂರ್ಣ ಆರ್ಡರ್ ಎರಡು ಸಲ ಸೇವ್ ಆಗುತ್ತಿತ್ತು. ಪ್ರೊಡಕ್ಷನ್‌ನಲ್ಲಿ, ಅಂದರೆ ಗ್ರಾಹಕರು ಬಳಸುವ ಸಿಸ್ಟಮ್‌ನಲ್ಲಿ, ಸಿಕ್ಕಿತು. ಕ್ಲೈಂಟ್ ಕಾಲ್‌ನಲ್ಲಿ ಯಾರು ಟೆಸ್ಟ್ ಮಾಡಿದ್ದು ಅಂತ ಕೇಳಿದರು. ನನ್ನ ಕೈ ತಣ್ಣಗಾಯಿತು. ನಮ್ಮ ಲೀಡ್ ಹೇಳಿದ್ದು ಇಷ್ಟೇ, 'ಇದು ನಮ್ಮ ಟೀಮಿನಿಂದ ಆಗಿದೆ. ಸಂಜೆಯೊಳಗೆ ಸರಿಮಾಡುತ್ತೇವೆ, ಕಾರಣ ನಾಳೆ ಬರೆದು ಕಳಿಸುತ್ತೇವೆ.' ಕಾಲ್ ಮುಗಿದ ಮೇಲೆ ನನ್ನ ಪಕ್ಕ ಬಂದು ಕೂತರು. ಬೈಯಲಿಲ್ಲ. ಹೋಗಲಿ ಬಿಡು ಅಂತಲೂ ಅನ್ನಲಿಲ್ಲ. 'ಇದು ಮೊದಲೇ ಸಿಗಬೇಕಿದ್ದರೆ ನಿನಗೆ ಏನು ಬೇಕಿತ್ತು?' ಅಂತ ಕೇಳಿದರು. ನಿಜ ಹೇಳಿದೆ. ಬಿಲ್ಡ್ ಯಾವಾಗಲೂ ಕೊನೇ ದಿನ ಮಧ್ಯಾಹ್ನ ಬರುತ್ತದೆ, ನನಗೆ ಮೂರು ಗಂಟೆ ಸಿಗುತ್ತದೆ ಅಷ್ಟೇ. ಮುಂದಿನ ಸ್ಪ್ರಿಂಟಿನಿಂದ ಬಿಲ್ಡ್ ಎರಡು ದಿನ ಮೊದಲು ಬರತೊಡಗಿತು. ಅದಕ್ಕಾಗಿ ಅವರು ಯಾರ ಹತ್ತಿರ ಎಷ್ಟು ಜಗಳ ಆಡಿದರೋ ನನಗೆ ಗೊತ್ತಿಲ್ಲ. ಕಾರಣ ಬರೆದು ಕಳಿಸುವ ಕೆಲಸ ಮಾತ್ರ ನನಗೇ ಕೊಟ್ಟರು. ಬರೆದೆ, ಅವರು ಒಂದೇ ಒಂದು ಪದ ತಿದ್ದಿದರು.

ಅದಾದ ಮೇಲೆ ನಾನು ತಪ್ಪು ಮುಚ್ಚಿಡುವುದನ್ನು ಬಿಟ್ಟೆ. ಏಮಿ ಎಡ್ಮಂಡ್‌ಸನ್ ಅನ್ನುವ ಸಂಶೋಧಕಿ ಆಸ್ಪತ್ರೆಗಳಲ್ಲಿ ಮಾಡಿದ ಒಂದು ಅಧ್ಯಯನದಲ್ಲಿ ಇದೇ ಕಂಡಿತ್ತು. ಚೆನ್ನಾಗಿ ಹೊಂದಿಕೊಂಡ ಟೀಮುಗಳಲ್ಲಿ ತಪ್ಪುಗಳ ಲೆಕ್ಕ ಜಾಸ್ತಿ ಬಂತು. ಮೊದಲು ವಿಚಿತ್ರ ಅನ್ನಿಸಿದರೂ, ಆ ಟೀಮುಗಳಲ್ಲಿ ಜನ ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು ಅನ್ನುವುದು ಆಮೇಲೆ ಗೊತ್ತಾಯಿತು. ನಿಮ್ಮ ರೆಟ್ರೋದ 'ಎಲ್ಲ ಸರಿ ಇದೆ' ಚೀಟಿ ನೋಡಿ ನನಗೆ ಇದು ನೆನಪಾಯಿತು. ಆ ಚೀಟಿ ಬರೆದವರು ಯಾರು ಅಂತ ಹುಡುಕಲು ಹೋಗಬೇಡಿ ದಯವಿಟ್ಟು. ಮೊದಲು ನಿಮ್ಮದೇ ಒಂದು ಚೀಟಿ ಬರೆದು ಹಾಕಿ, ಬುಧವಾರದ ವಿಷಯ.

ಡೆಲಿವರಿ ಮುಖ್ಯ:

ಟೆಸ್ಟರ್ ಹೇಳಿದ್ದು ಮನಸ್ಸಿಗೆ ನಾಟಿತು. ಆದರೂ ಹಳೇ ಪಿಎಂ ಅವರಿಗೆ ಒಂದು ಪ್ರಶ್ನೆ. ಪ್ರೊಡಕ್ಷನ್ ಬಿದ್ದಿದೆ, ಗ್ರಾಹಕರು ಕಾಯುತ್ತಿದ್ದಾರೆ. ಆಗಲೂ ಎಡಗಡೆ, ಬಲಗಡೆ ಗೆರೆ ಎಳೆದು ಕೂರುತ್ತೀರಾ?

ಹಳೇ ಪಿಎಂ:

ಇಲ್ಲ. ಆಗ ಒಂದೇ ದನಿ ಬೇಕು, ಆ ದನಿ ಲೀಡ್‌ದು. ನೀನು ಲಾಗ್ ನೋಡು, ನೀನು ಹಳೇ ಬಿಲ್ಡ್ ತಯಾರಿಡು, ಕ್ಲೈಂಟ್ ಹತ್ತಿರ ನಾನು ಮಾತಾಡುತ್ತೇನೆ. ಚರ್ಚೆ ಇಲ್ಲ. ನೀವು ಮೊದಲು ಹೇಳಿದ ಹೆಸರು, ತಾರೀಖಿನ ಮಾತೂ ಸರಿಯೇ. ಸೇವೆ ಮಾಡುವ ಲೀಡ್ ತೀರ್ಮಾನ ಕೊಡುವುದಿಲ್ಲ ಅಂತ ಯಾರೂ ಹೇಳಿಲ್ಲ. ಎಲ್ಲಿಗೆ ಹೋಗಬೇಕು, ಯಾವುದು ಬೇಡ ಅಂತ ಹೇಳದಿದ್ದರೆ ಅದು ಟೀಮಿಗೆ ಮಾಡುವ ಅನ್ಯಾಯ. ಸಿಸ್ಟಮ್ ಮೇಲೆದ್ದ ಮರುದಿನ ಮಾತ್ರ ಆ ದನಿಯನ್ನು ಇಳಿಸಬೇಕು. ನಾನು ನೋಡಿದ ಬಹಳಷ್ಟು ಲೀಡ್‌ಗಳು ಅಲ್ಲೇ ಎಡವುತ್ತಾರೆ. ಒಂದು ದಿನದ ತುರ್ತು ಇಡೀ ವರ್ಷದ ಅಭ್ಯಾಸ ಆಗಿಬಿಡುತ್ತದೆ.

ಹೊಸ ಲೀಡ್ (ಎರಡು ವಾರದ ನಂತರ):

ಎಲ್ಲರಿಗೂ ಮನಸಾರೆ ಧನ್ಯವಾದ. ಏನಾಯಿತು ಅಂತ ಹೇಳಲೇಬೇಕು.

ಮೊದಲು ಆ ಜೂನಿಯರ್ ಹತ್ತಿರ ಮಾತಾಡಿದೆ. 'ಆ ಬಗ್ ನಾನು ಎತ್ತಿಕೊಂಡಿದ್ದು ತಪ್ಪು, ನಿಮ್ಮನ್ನು ಕೇಳಬೇಕಿತ್ತು' ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ನೋಟ್ಸ್ ತೆಗೆದು ತೋರಿಸಿದರು. ಬುಧವಾರ ಸಂಜೆ ಏಳಕ್ಕೆ ಬರೆದ ಸಾಲು, 'ಟೈಮ್‌ಝೋನ್ ಇರಬೇಕು, ಬೆಳಗ್ಗೆ ಬೇಗ ಬಂದು ನೋಡಬೇಕು.' ಕಾರಣ ಆಕೆಗೆ ಸಿಕ್ಕಿಯಾಗಿತ್ತು. ಆ ಸಾಲು ನೋಡಿ ನನಗೆ ಏನು ಹೇಳಬೇಕೋ ತೋಚಲಿಲ್ಲ.

ರೆಟ್ರೋದಲ್ಲಿ ನನ್ನ ಚೀಟಿ ಮೊದಲು ಹಾಕಿದೆ. ಆ ಸಲ ಹದಿನಾಲ್ಕು ಚೀಟಿ ಬಂದವು. ನಾಲ್ಕು ನನ್ನ ಬಗ್ಗೆಯೇ. ಕ್ಲೈಂಟ್ ಏನು ಹೇಳುತ್ತಾರೆ ಅಂತ ತಮಗೆ ಎರಡನೇ ಕೈಯಿಂದ ಗೊತ್ತಾಗುತ್ತದೆ ಅಂತ ಡಿಸೈನರ್ ಬರೆದಿದ್ದರು. ಈಗ ಮೀಟಿಂಗಿಗೆ ಇಬ್ಬರು ನನ್ನ ಜೊತೆ ಬರುತ್ತಾರೆ. ಸ್ಟ್ಯಾಂಡ್‌ಅಪ್‌ನಲ್ಲಿ ನಾನು ಬೋರ್ಡಿನ ಪಕ್ಕ ನಿಲ್ಲುವುದು ಬಿಟ್ಟು ಹಿಂದೆ ನಿಲ್ಲುತ್ತೇನೆ. ಮೂರು ದಿನ ತಿರುಗಿ ತಿರುಗಿ ನನ್ನನ್ನೇ ನೋಡಿದರು, ನಾಲ್ಕನೇ ದಿನ ಬೋರ್ಡ್ ನೋಡಿದರು.

ಬಲಗಡೆ ಸಾಲಿನಲ್ಲಿ ಏಳು ವಿಷಯ ಸೇರಿವೆ. ಎರಡು ಮುಗಿದಿವೆ. ಸ್ಪ್ರಿಂಟ್ ನಡುವೆ ಬಂದ ಒಂದು ಕೆಲಸಕ್ಕೆ ಮೊದಲ ಸಲ ಈ ವಾರ ಆಗುವುದಿಲ್ಲ ಅಂದೆ. ದನಿ ನಡುಗುತ್ತಿತ್ತು, ಆದರೂ ಹೇಳಿದೆ.

ಬೇರೆ ಟೀಮಿಗೆ ಹೋಗಬೇಕು ಅಂದಿದ್ದ ಇಬ್ಬರಲ್ಲಿ ಒಬ್ಬರು ಉಳಿದರು. ಇನ್ನೊಬ್ಬರು ಹೊರಟರು, ಅದು ಬೇಜಾರಿದೆ. ಇನ್ನೊಂದು ಚಿಂತೆ. ನಾನು ರಾತ್ರಿ ಹತ್ತರವರೆಗೆ ಕೂರುವುದನ್ನು ನನ್ನ ಮ್ಯಾನೇಜರ್ ಶ್ರದ್ಧೆ ಅಂತ ನೋಡುತ್ತಿದ್ದರು. ಈಗ ಏಳಕ್ಕೆ ಹೊರಡುತ್ತೇನೆ. ಅಪ್ರೈಸಲ್‌ನಲ್ಲಿ ಏನು ತೋರಿಸಲಿ? ಮುಂದಿನ ಗುರುವಾರದ ರಿಲೀಸ್ ಆ ಜೂನಿಯರ್ ನಡೆಸುತ್ತಾರೆ, ಅದನ್ನೂ ಮ್ಯಾನೇಜರ್‌ಗೆ ಹೇಳಬೇಕು.

ಹಳೇ ಪಿಎಂ:

ನೋಟ್ಸ್‌ನ ಆ ಸಾಲು ಓದಿ ನನಗೂ ಗಂಟಲು ಕಟ್ಟಿತು.

ಮ್ಯಾನೇಜರ್‌ಗೆ ನೋಟ್‌ಬುಕ್‌ನ ಬಲಗಡೆಯನ್ನೇ ತೋರಿಸಿ. ಯಾವ ತೊಂದರೆ, ಎಷ್ಟು ದಿನ ನಿಂತಿತ್ತು, ಯಾರ ಹತ್ತಿರ ಹೋಗಿ ಬಿಡಿಸಿದಿರಿ, ಆಮೇಲೆ ಟೀಮಿಗೆ ಎಷ್ಟು ದಿನ ಉಳಿಯಿತು. ಮುಗಿಯದ ಐದನ್ನೂ ತೋರಿಸಿ, ಅವುಗಳಲ್ಲಿ ಒಂದೆರಡು ಮ್ಯಾನೇಜರ್ ಮಾತ್ರ ಬಿಡಿಸಬಹುದಾದವು ಇರುತ್ತವೆ, ಕೇಳಿ. ಜೊತೆಗೆ ಯಾರು ಈಗ ಏನನ್ನು ತಾವೇ ನಡೆಸುತ್ತಿದ್ದಾರೆ ಅಂತ ಹೆಸರು ಹೇಳಿ. ಒಂದು ಸಲಕ್ಕೆ ಒಪ್ಪದಿರಬಹುದು. ನನ್ನ ಮ್ಯಾನೇಜರ್ ಒಪ್ಪಲು ಎರಡು ರಿಲೀಸ್ ಬೇಕಾಯಿತು.

ಗುರುವಾರಕ್ಕೆ ಒಂದೇ ಮಾತು. ಏನಾದರೂ ಕೆಟ್ಟರೆ ರೋಲ್‌ಬ್ಯಾಕ್ ಮಾಡುವ, ಅಂದರೆ ಹಳೇ ಬಿಲ್ಡ್‌ಗೆ ವಾಪಸ್ ಹೋಗುವ, ತೀರ್ಮಾನ ಯಾರದ್ದು ಅಂತ ಮೊದಲೇ ಬರೆದಿಡಿ. ಅದು ಬರೆದಿರದಿದ್ದರೆ ಎಲ್ಲರ ಕಣ್ಣು ಮತ್ತೆ ನಿಮ್ಮ ಕಡೆಗೇ ತಿರುಗುತ್ತದೆ.

ಹೊಸ ಲೀಡ್:

ಈಗಷ್ಟೇ ಆಕೆಯ ಜೊತೆ ಕೂತು ರಿಲೀಸ್ ಪಟ್ಟಿ ನೋಡಿದೆ. ರೋಲ್‌ಬ್ಯಾಕ್ ಸಾಲಿನಲ್ಲಿ ನನ್ನ ಹೆಸರಿತ್ತು. ಅದನ್ನು ಅಳಿಸಿ ಆಕೆ ತಮ್ಮ ಹೆಸರು ಬರೆದರು. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದರು, 'ಕ್ಲೈಂಟ್ ಜೊತೆ ಮಾತು: ಲೀಡ್.'